ಬಾಸ್ಟನ್ ಬಂದರಿನ ಚಹಾ

ಅನಗೋಳದ ನಮ್ಮ ಶಾಲೆಯ ಆಡಳಿತ ಮಂಡಳಿಗೆ ಒಂದು ವರ್ಷ ಇದ್ದಕ್ಕಿದ್ದಂತೆ ಪರದೇಶಿ ಪಠ್ಯದ ಹುಚ್ಚು ಹಿಡಿಯಿತು. ಐದನೆಯ ತರಗತಿಗೆ ಅಮೆರಿಕದ ಇತಿಹಾಸ. ಖಾನಾಪುರದಿಂದ ದಿನಾ ಬಸ್ಸಿನಲ್ಲಿ ನಿಂತೇ ಬರುವ ನಾನು ಅದನ್ನು ಕಲಿಸಬೇಕು. ಮನೆಯಲ್ಲಿ ಮರಾಠಿಯನ್ನೋ ಉರ್ದುವನ್ನೋ ಕನ್ನಡವನ್ನೋ ಆಡುವ ಮಕ್ಕಳು ಅದನ್ನು ಇಂಗ್ಲಿಷಿನಲ್ಲಿ ಕಲಿಯಬೇಕು. ಇದು ಯಾರ ತಲೆಗೆ ಹೊಳೆಯಿತೋ, ಅವರನ್ನೇ ತಂದು ಒಂದು ಪಿರಿಯಡ್ ಆ ತರಗತಿಯಲ್ಲಿ ನಿಲ್ಲಿಸಬೇಕಿತ್ತು.

ಬೈದುಕೊಂಡೇ ಓದತೊಡಗಿದೆ, ಓದುತ್ತಾ ಓದುತ್ತಾ ಆ ಪಾಠ ನನಗೇ ಹಿಡಿಸಿಬಿಟ್ಟಿತು. ಆ ತರಗತಿಯೂ ಹಿಡಿಸಿತ್ತು. ಅಷ್ಟರಲ್ಲಿ ನಮ್ಮ ಮುಖ್ಯಾಧ್ಯಾಪಕಿ ಹೆಡ್ ಬಾಯಾರು ಕರೆದು, “ಮಂಡಳಿಯವರು ನಿಮ್ಮ ಪಾಠ ನೋಡಾಕ ಬರ್ತಾರ. ಛಲೋ ಆತಂದ್ರ ಐದನೇ ಕ್ಲಾಸು ನಿಮ್ಮ ಕಡೆನ ಇರತೈತಿ. ಇಲ್ಲಾಂದ್ರ ಒಂದನೇ ಕ್ಲಾಸಿಗೆ ಹಾಕ್ತಾರ ನೋಡ್ರಿ” ಎಂದರು.

ನಾನು ಬಾಸ್ಟನ್ ಬಂದರಿನ ಪಾಠವನ್ನು ಆರಿಸಿಕೊಂಡೆ. ತಮ್ಮನ್ನು ಕೇಳದೆ ದೂರದ ಇಂಗ್ಲೆಂಡಿನವರು ಚಹಾದ ಮೇಲೆ ತೆರಿಗೆ ಹೇರಿದರೆಂದು ಸಿಟ್ಟಿಗೆದ್ದ ಜನ ಹಡಗು ಹತ್ತಿ, ಚಹಾದ ಪೆಟ್ಟಿಗೆಗಳನ್ನೆಲ್ಲ ಸಮುದ್ರಕ್ಕೆ ಎಸೆದ ಕಥೆ ಅದು. ಬೆಂಚು ಜೋಡಿಸಿ ಹಡಗು ಮಾಡಿದೆವು. ಬಿಸ್ಕತ್ತಿನ ಖಾಲಿ ಡಬ್ಬಿಗಳೇ ಪೆಟ್ಟಿಗೆಗಳು. ಖಾನಾಪುರದ ಕಡೆಯ ಬೀಡಿ ಎಂಬ ಹಳ್ಳಿಯಿಂದ ಬಂದು ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದ ಹುಡುಗಿ ಹಡಗಿನ ಕಪ್ತಾನ. ತಾಲೀಮಿನಲ್ಲಿ ಎಲ್ಲ ಸುಸೂತ್ರವಾಗಿತ್ತು.

ಆ ದಿನ ಮಂಡಳಿಯವರು ಹಿಂದಿನ ಬೆಂಚಿನಲ್ಲಿ ಕುಳಿತರು. ಬಂಡುಕೋರರು ಕೂಗುತ್ತ ಹಡಗು ಹತ್ತಿದರು. ಅವರನ್ನು ಇಂಗ್ಲಿಷಿನಲ್ಲಿ ಗದರಿಸಬೇಕಿದ್ದ ಕಪ್ತಾನಳಿಗೆ ಮಾತೇ ಮರೆತುಹೋಯಿತು. ಮನೆಗೆ ಮಂದಿ ಬಂದಾಗ ಹುಟ್ಟಿದಾಗಿನಿಂದ ಏನು ಕೇಳಿದ್ದಳೋ, ಅದೇ ಬಾಯಿಗೆ ಬಂತು.

“ಬರ್ರಿ, ಕುಂದರ್ರಿ. ಚಾ ಕುಡದ ಹೋಗ್ರಿ.”

ಬಂಡುಕೋರರು ಕುಳಿತೇಬಿಟ್ಟರು. ಒಬ್ಬ, “ನನಗ ಸಕ್ರಿ ಕಮ್ಮಿ” ಅಂದ. ನನ್ನ ಮೈಯೆಲ್ಲ ಉರಿಯಿತು. ಡಬ್ಬಿ ಎಸೆಯಿರೆಂದು ಕಣ್ಣು ಕೆಂಪಗೆ ಮಾಡಿ ಸನ್ನೆ ಮಾಡಿದರೆ, ಅವರ ಮುಖಂಡ ನನ್ನತ್ತಲೇ ತಿರುಗಿ, “ಕುಂದರ್ರಿ ಅಂದವರ ಚಾ ಹೆಂಗ ಚೆಲ್ಲೂದ್ರಿ, ಟೀಚರ್?” ಎಂದ. ಅವನದೂ ತಪ್ಪಲ್ಲ. ನಮ್ಮ ಕಡೆ ಕೊಟ್ಟ ಚಹಾ ಬೇಡವೆಂದು ಎದ್ದರೆ ಅದು ಜಗಳವೇ. ಮಂಡಳಿಯವರು ಹೊಟ್ಟೆ ಹಿಡಿದುಕೊಂಡು ನಕ್ಕು, ಎದ್ದು ಹೋದರು.

ಸೋತ ದನಿಯಲ್ಲೇ ಮಕ್ಕಳನ್ನು ಕೇಳಿದೆ, ಹಾಗಾದರೆ ಆ ಜನ ಚಹಾ ಯಾಕೆ ಚೆಲ್ಲಿದರು ಅಂತ. ಅಳುಮುಖ ಮಾಡಿಕೊಂಡಿದ್ದ ಕಪ್ತಾನಳೇ ಎದ್ದು ನಿಂತಳು.

“ಅವರನ್ನ ಒಂದ್ ಮಾತ ಕೇಳಲಾರದ ಠರಾವ್ ಮಾಡಿದ್ರಲ್ರಿ, ಅದಕ್ಕ.”

ಇಡೀ ಪಾಠ ಅದರಲ್ಲಿತ್ತು. ಕೇಳಿಸಿಕೊಳ್ಳಬೇಕಾದವರು ಮಾತ್ರ ಅಲ್ಲಿರಲಿಲ್ಲ.

ಆಮೇಲೆ ಹೆಡ್ ಬಾಯಾರ ಕೋಣೆಗೆ ಕರೆ ಬಂತು. ಮಂಡಳಿಯವರು ಚಹಾ ಕುಡಿಯುತ್ತಿದ್ದರು. ನನಗೂ ಒಂದು ಕಪ್ಪು ಬಂತು.

“ಸೋಮವಾರದಿಂದ ನಿಮಗ ಒಂದನೇ ಕ್ಲಾಸು. ಠರಾವ್ ಆಗೇತಿ” ಎಂದರು ಹೆಡ್ ಬಾಯಾರು.

“ಮಕ್ಕಳಿಗೆ ಏನ ತಿಳದೈತಿ ಅಂತ ನನ್ನನ್ನ ಒಂದ್ ಮಾತ ಕೇಳಬೇಕಿತ್ತಲ್ರಿ, ಬಾಯಾರ.”

“ಇದರಾಗ ಕೇಳೂದೇನೈತಿ? ಚಾ ತಗೋರಿ, ಆರತೈತಿ.”

ಕಪ್ಪನ್ನು ಮೇಜಿನ ಆಚೆ ಬದಿಗೆ ಸರಿಸಿದೆ.

“ನನಗ ಚಾ ಬ್ಯಾಡ್ರಿ” ಎಂದು ಎದ್ದು ನಿಂತೆ.

ಕೋಣೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಕಪ್ಪುಗಳನ್ನು ಕೆಳಗಿಟ್ಟರು.