ಒಪ್ಪದ ಗಿರಾಕಿ

ಚಪ್ಪಲಿ ಅಂಗಡಿಯ ಕೆಲಸದವರಿಗೆ ಇಂಗ್ಲಿಷ್ ಮಾತು ಕಲಿಸಲು ಬಂದ ನಿವೃತ್ತ ಮೇಷ್ಟ್ರು ಅವಳನ್ನು ಮೊದಲು ಕಂಡ ದಿನ, ಅವಳು ಬಾಕ್ಸುಗಳ ರಾಶಿಯ ಹಿಂದೆ ನಿಂತು ಇಲ್ಲದ ಧೂಳನ್ನು ಒರೆಸುತ್ತಿದ್ದಳು. ಕಾಲು ಕಂಡ ಕೂಡಲೇ ನಂಬರು ಹೇಳುತ್ತಿದ್ದುದರಿಂದ ಜೊತೆಯವರೆಲ್ಲ ಅವಳನ್ನು ಅಳತೆಯಕ್ಕ ಎನ್ನುತ್ತಿದ್ದರು. ಹದಿಮೂರು ವರ್ಷ ಗಿರಾಕಿಗಳ ಕಾಲ ಬಳಿ ಕೂತು ಪಳಗಿದವಳು, ಮೇಷ್ಟ್ರು "ಗುಡ್ ಮಾರ್ನಿಂಗ್" ಎಂದದ್ದಕ್ಕೆ ಬಾಕ್ಸುಗಳ ಹಿಂದೆ ಇನ್ನಷ್ಟು ಸರಿದಳು.

ಹೆದರಿಕೆಗೆ ಕಾರಣವಿತ್ತು. ಅಂಗಡಿ ಹೊಸ ಮಾಲೀಕರ ಕೈಗೆ ಹೋಗಿತ್ತು. ತಿಂಗಳ ಕೊನೆಯ ಸೋಮವಾರ ಮುಖ್ಯ ಕಚೇರಿಯಿಂದ ಒಬ್ಬ ಮೇಡಂ ಬಂದು ಗಿರಾಕಿಯಂತೆ ಕೂರುತ್ತಾರೆ, ಒಬ್ಬೊಬ್ಬರೂ ಅವರೊಡನೆ ಇಂಗ್ಲಿಷಿನಲ್ಲೇ ಮಾತಾಡಬೇಕು, ಬಾರದವರು ಮನೆಗೆ ಹೋಗಬಹುದು ಎಂದು ಮ್ಯಾನೇಜರು ಸಾರಿದ್ದರು. ಅವಳ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿದ್ದ ಅತ್ತೆ, ಶಾಲೆಗೆ ಹೋಗುವ ಮಗಳು ಇಬ್ಬರಿಗೂ ಅವಳ ದುಡಿಮೆಯೇ ಗತಿ.

ಮೇಷ್ಟ್ರು ಅಂಗಡಿಯವರ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟು, ಗಿರಾಕಿಯ ಪಾತ್ರಕ್ಕೆ ಮನೆಯವರನ್ನೇ ಹಿಡಿಯಿರಿ ಎಂದರು. ಅವಳು ಅತ್ತೆಯನ್ನು ಹಿಡಿದಳು.

ಅತ್ತೆ ಮಂಚದ ಅಂಚಿಗೆ ಕೂತು, ಬಲಗಾಲು ಚಾಚಿ, ಗತ್ತಿನಿಂದ ಕತ್ತೆತ್ತಿದರು.

"ಪ್ಲೀಸ್ ಸಿಟ್, ಮೇಡಂ."

"ಕೂತೇ ಇದ್ದೀನಲ್ಲ, ಕಣ್ಣು ಕಾಣಲ್ವಾ?"

"ಅತ್ತೆ, ಗಿರಾಕಿಗಳು ಹಾಗೆಲ್ಲ ಅನ್ನಲ್ಲ."

"ನಾನು ಅನ್ನೋ ಗಿರಾಕಿ. ಮುಂದೆ ಹೇಳು."

ಕಪ್ಪು ಎಂದರೆ ಕಂದು ಬೇಕು, ಕಂದು ಎಂದರೆ ಹಿಮ್ಮಡಿ ಎತ್ತರವಾಯಿತು. ಪ್ರತಿಸಲವೂ ಅವಳು "ಸಾರಿ ಮೇಡಂ, ಒನ್ ಮಿನಿಟ್ ಪ್ಲೀಸ್, ಐ ವಿಲ್ ಬ್ರಿಂಗ್ ಅನದರ್" ಎಂದು ಅಡುಗೆಮನೆಯ ಬಾಗಿಲವರೆಗೆ ಓಡಿ, ಅದೇ ಹಳೆಯ ಜೋಡಿಯನ್ನು ಮತ್ತೆ ತರಬೇಕು.

ಮಗಳಿಗೆ ನಕ್ಕು ನಕ್ಕು ಹೊಟ್ಟೆನೋವು. "ಅಜ್ಜೀ, ಒಂದ್ಸಲನಾದ್ರೂ ತಗೋ!"

"ತಗೊಂಡ್ರೆ ಪಾಠ ಅಲ್ಲಿಗೇ ಮುಗೀತಲ್ಲೇ! ಆಮೇಲೆ ನಿಮ್ಮಮ್ಮ ಕಲಿಯೋದು ಯಾವಾಗ?"

ಸೋಮವಾರ ಬಂತು. ಮೇಡಂ ಕುರ್ಚಿಯಲ್ಲಿ ಕೂತಿದ್ದರು; ಪಕ್ಕದಲ್ಲಿ ಪೆನ್ನು ಹಿಡಿದ ಮ್ಯಾನೇಜರು. ಅವಳ ಸರದಿ ಐದನೆಯದು. ಮುಂದಿದ್ದವರು ಒಬ್ಬೊಬ್ಬರೇ ಮುಗಿಸಿ ಹೋದಂತೆ ಅವಳು ಮೊದಲ ಸಾಲನ್ನೇ ಮತ್ತೆ ಮತ್ತೆ ಗುನುಗಿಕೊಂಡಳು. ಮುಷ್ಟಿಯಲ್ಲಿದ್ದ ಹಾಳೆ ಬೆವರಿಗೆ ನೆಂದು ಶಾಯಿ ಅಂಗೈಗೆ ಹತ್ತಿತ್ತು.

"ಗುಡ್ ಮಾರ್ನಿಂಗ್ ಮೇಡಂ" ಹೇಗೋ ಹೊರಬಿತ್ತು. ಪರೀಕ್ಷೆಗೆಂದು ಇಟ್ಟಿದ್ದ ಜೋಡಿಯನ್ನು ತೊಡಿಸಿದಳು. ಮೇಡಂ ಕನ್ನಡಿಯತ್ತ ನೋಡಿ ನಕ್ಕರು.

"ವೆರಿ ನೈಸ್. ಐ ವಿಲ್ ಟೇಕ್ ಇಟ್."

ಇಪ್ಪತ್ತು ದಿನದಲ್ಲಿ ಅತ್ತೆ ಒಮ್ಮೆಯೂ ಒಪ್ಪಿರಲಿಲ್ಲ! ಒಪ್ಪಿದ ಗಿರಾಕಿಗೆ ಹೇಳುವ ಮಾತು ಹಾಳೆಯ ಕೊನೆಯಲ್ಲಿತ್ತು. ಮನೆಯ ಪಾಠ ಅಲ್ಲಿಗೆ ಎಂದೂ ತಲುಪಿರಲಿಲ್ಲ. ಮ್ಯಾನೇಜರ ಪೆನ್ನು ಮೇಲೆದ್ದು ನಿಂತಿತು. ಆ ಪೆನ್ನನ್ನು ನೋಡಲಾರದೆ ಅವಳು ತಲೆ ತಗ್ಗಿಸಿದಳು. ಕಣ್ಣು ಮೇಡಂ ಕಾಲಿನ ಮೇಲೆ ಬಿತ್ತು. ಅವಳ ಕೈಯ ಹೆಬ್ಬೆರಳು ತಾನಾಗಿ ಹೋಗಿ ಚಪ್ಪಲಿಯ ಮುಚ್ಚಿದ ತುದಿಯನ್ನು ಒತ್ತಿತು. ಮೇಡಂ ಕಾಲಿನ ಕಿರುಬೆರಳು ಒಳಗೆ ಮುದುಡಿಕೊಂಡಿತ್ತು.

"ಸಾರಿ ಮೇಡಂ. ನೋ. ಸ್ಮಾಲ್. ಒನ್ ಮಿನಿಟ್ ಪ್ಲೀಸ್, ಐ ವಿಲ್ ಬ್ರಿಂಗ್ ಅನದರ್!"

ಯಾರೂ ತಡೆಯುವ ಮೊದಲೇ ಓಡಿದಳು. ದೊಡ್ಡ ನಂಬರು ತಂದು ತೊಡಿಸುವಾಗ, ಕೊಳ್ಳುತ್ತೇನೆಂದವರಿಗೆ ಬೇಡವೆಂದೆನಲ್ಲ, ಕೆಲಸ ಹೋಯಿತು ಎಂದೇ ಅವಳ ಲೆಕ್ಕ. ಮೇಡಂ ಎದ್ದು ನಾಲ್ಕು ಹೆಜ್ಜೆ ಹಾಕಿ, ಕನ್ನಡದಲ್ಲೇ ಹೇಳಿದರು.

"ಬೆಳಿಗ್ಗೆಯಿಂದ ನಾಲ್ಕು ಜನ ನನಗೆ ಆ ಜೋಡಿ ತೊಡಿಸಿ ಥ್ಯಾಂಕ್ ಯು ಅಂದ್ರು. ಬಿಗಿ ಆಗಿದೆ ಅಂತ ಒಬ್ರೂ ಹೇಳ್ಲಿಲ್ಲ ಕಣಮ್ಮಾ."

ಮ್ಯಾನೇಜರು ಏನೋ ಬರೆದುಕೊಂಡರು. ಸಂಜೆಯವರೆಗೂ ಅವಳು ಜೋಡಿಸಿದ್ದ ಬಾಕ್ಸುಗಳನ್ನೇ ಮತ್ತೆ ಜೋಡಿಸುತ್ತಿದ್ದಳು. ಬಾಗಿಲು ಮುಚ್ಚುವಾಗ ಮ್ಯಾನೇಜರು ಅಂದದ್ದು ಇಷ್ಟೇ: "ನಾಳೆ ಹೊತ್ತಿಗೆ ಸರಿಯಾಗಿ ಬನ್ನಿ."

ಈಗ ಹೊಸಬರಿಗೆ ಅಭ್ಯಾಸ ಮಾಡಿಸುವವಳು ಅವಳೇ. ತಾನೇ ಗಿರಾಕಿಯಾಗಿ ಕೂತು ಮೊದಲ ಜೋಡಿಗೇ ಒಪ್ಪಿಬಿಡುತ್ತಾಳೆ, ಹೊಸಬರು ಕಂಗಾಲಾಗುತ್ತಾರೆ. ಮನೆಯಲ್ಲಿ ಅತ್ತೆ ಇನ್ನೂ ಒಂದು ಚಪ್ಪಲಿಗೂ ಒಪ್ಪಿಲ್ಲ. ಇಂಗ್ಲಿಷ್ ಗಿರಾಕಿ ಬಾಗಿಲು ತಳ್ಳಿದರೆ ಅವಳ ಅಂಗೈ ಇಂದಿಗೂ ಬೆವರುತ್ತದೆ. ಒರೆಸಿಕೊಂಡು, ಮೊದಲು ಕಾಲು ನೋಡುತ್ತಾಳೆ.