ಬಲಗಣ್ಣಿನ ನಾಲ್ಕು ದಿನ

ಗುರುವಾರ ಬೆಳಿಗ್ಗೆ ಮೊದಲು ಕಂಡಿದ್ದು ಒಂದು ಕಪ್ಪು ದಾರ.

ಮೇಜಿನ ಮೇಲೆ ನನ್ನ ಯುದ್ಧನೌಕೆಯ ಮಾಡೆಲ್ ಇತ್ತು. ಹಿಂದಿನ ದಿನ ಅದರ ಕಂಬಕ್ಕೆ ಕಟ್ಟಿದ್ದ ದಾರಗಳಲ್ಲಿ ಒಂದು ಬಿಚ್ಚಿಕೊಂಡಿದೆ ಅಂದುಕೊಂಡೆ. ಚಿಮಟದಿಂದ ಹಿಡಿಯಲು ಹೋದೆ. ಸಿಗಲಿಲ್ಲ. ಕಣ್ಣು ಹೊರಳಿಸಿದ ಕಡೆಗೆಲ್ಲ ದಾರವೂ ಬಂತು. ಎಡಗಣ್ಣು ಮುಚ್ಚಿದೆ, ಇತ್ತು. ಬಲಗಣ್ಣು ಮುಚ್ಚಿದೆ, ಇರಲಿಲ್ಲ.

ದಾರ ಹಡಗಿನದಲ್ಲ, ಕಣ್ಣಿನದು.

ಮಧ್ಯಾಹ್ನದ ಹೊತ್ತಿಗೆ ಆ ಕಣ್ಣಿನ ಮೂಲೆಯಲ್ಲಿ ಮಿಂಚಿನಂಥ ಬೆಳಕು. ಸಂಜೆಗೆ ಮೂಗಿನ ಕಡೆಯಿಂದ ನೆರಳು, ಅರ್ಧ ಎಳೆದ ಪರದೆಯ ಹಾಗೆ.

ನನಗೆ ನಲವತ್ತೇಳು ವರ್ಷ. ಮತ್ತಿಕೆರೆಯ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸ. ಕೊಡಿಗೇಹಳ್ಳಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಒಂಬತ್ತು ವರ್ಷಗಳಿಂದ ಎರಡನೇ ಮಹಾಯುದ್ಧದ ಹಡಗುಗಳ ಮಾಡೆಲ್ ಮಾಡುತ್ತಿದ್ದೇನೆ. ಸಮುದ್ರ ನೋಡಿದ್ದು ಎರಡೇ ಸಲ. ಆದರೂ ಮುಕ್ಕಾಲು ಮೀಟರ್ ಉದ್ದದ ಹಡಗಿನ ಮೇಲೆ ಅಕ್ಕಿಕಾಳಿನಷ್ಟು ಫಿರಂಗಿ ಕೂರಿಸುವಾಗ ಸಿಗುವ ನೆಮ್ಮದಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಈ ಹಡಗು ಹದಿನಾಲ್ಕು ತಿಂಗಳು ಹಿಡಿದಿತ್ತು. ಭಾನುವಾರ ಯಲಹಂಕದಲ್ಲಿ ಮಾಡೆಲ್ ಮಾಡುವವರ ಪ್ರದರ್ಶನ. ಹಿಂದಿನ ಕಂಬದ ದಾರಗಳಷ್ಟೇ ಬಾಕಿ.

ಯಾರಿಗೂ ಹೇಳಲಿಲ್ಲ.

ಶುಕ್ರವಾರ ನೆರಳು ಅಗಲವಾಯಿತು. ಶನಿವಾರ ಬಲಗಣ್ಣಿಗೆ ಹತ್ತಿಯಿಟ್ಟು ಟೇಪ್ ಹಚ್ಚಿಕೊಂಡು ಕೆಲಸ ಮುಗಿಸಿದೆ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ. ದಾರದ ತುದಿ ಕಂಬಕ್ಕೆ ತಾಗಿತು ಅಂದುಕೊಂಡರೆ ಗಾಳಿಯಲ್ಲಿರುತ್ತಿತ್ತು. ಭಾನುವಾರ ಜನ ಬಗ್ಗಿ ಬಗ್ಗಿ ನೋಡಿದರು. ಒಬ್ಬರು, “ಮೇಡಂ, ಎಂಥಾ ಕಣ್ಣು ರೀ ನಿಮ್ದು!” ಅಂದರು. ಎಡಗಣ್ಣು ಮುಚ್ಚಿ ಅವರನ್ನು ನೋಡಿದೆ.

ಮುಖವೇ ಇರಲಿಲ್ಲ.

ಸೋಮವಾರ ನನ್ನ ಗಂಡ ಮುನಿರಾಜು ಯಶವಂತಪುರದ ಆಲೂಗಡ್ಡೆ ಮಂಡಿಗೆ ಹೋಗದೆ ನನ್ನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. “ನೆರಳು ಯಾವಾಗಿಂದ ಇದೆ?” ಅಂತ ಕೇಳಿದರು.

“ನಿನ್ನೆಯಿಂದ.”

ಪಕ್ಕದಲ್ಲಿದ್ದ ಮುನಿರಾಜು ಹೌದೆಂದು ತಲೆಯಾಡಿಸಿದರು. ಅವರಿಗೆ ನಾನು ಹೇಳಿದ್ದೂ ಅಷ್ಟೇ.

“ರೆಟಿನಲ್ ಡಿಟ್ಯಾಚ್‌ಮೆಂಟ್. ಕಣ್ಣೊಳಗಿನ ಪರದೆ ಕಿತ್ಕೊಂಡಿದೆ. ನಡುಭಾಗ, ಮ್ಯಾಕುಲಾನೂ ಬಿಟ್ಟಿದೆ. ಇವತ್ತೇ ಸರ್ಜರಿ ಮಾಡ್ಬೇಕು.”

ಮುನಿರಾಜು ಕೇಳಿದರು: “ಆ ಹಡಗು ಕೆಲ್ಸದಿಂದ ಆಯ್ತಾ ಡಾಕ್ಟ್ರೇ?”

“ಇಲ್ಲ. ಇವರದು ತುಂಬಾ ಮೈನಸ್ ಪವರ್. ಅಂಥವರಿಗೆ ಆಗೋ ಚಾನ್ಸ್ ಜಾಸ್ತಿ.”

ಸರ್ಜರಿ ಆಯಿತು. ಪರದೆಯನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸ್ ತುಂಬಿದ್ದರು. ಅದು ಸರಿಯಾದ ಜಾಗದಲ್ಲಿ ನಿಲ್ಲಬೇಕಾದರೆ ಹತ್ತು ದಿನ ಮುಖ ಕೆಳಗೆ ಮಾಡಿಕೊಂಡೇ ಇರಬೇಕು.

ಬೋರಲು ಮಲಗುವುದು ಸುಲಭ ಅಂದುಕೊಂಡಿದ್ದೆ. ಅರ್ಧ ದಿನಕ್ಕೆ ಕತ್ತು ಕಲ್ಲಾಯಿತು. ಕೂತರೆ ಗದ್ದ ಎದೆಗೆ, ಮಲಗಿದರೆ ಹಣೆ ದಿಂಬಿಗೆ. ಏಳುತ್ತಿದ್ದೆ, ನೆಲ ನೋಡುತ್ತಾ ಕೋಣೆ ಸುತ್ತುತ್ತಿದ್ದೆ, ಮತ್ತೆ ಮಲಗುತ್ತಿದ್ದೆ. ಬೆರಳುಗಳಿಗೆ ಕೆಲಸ ಬೇಕಿತ್ತು. ದಿಂಬಿನ ಹೊಲಿಗೆ ಬಿಚ್ಚಿದೆ. ಮೊಸಾಯಿಕ್ ನೆಲದ ಕಪ್ಪು ಚುಕ್ಕೆ ಎಣಿಸಿದೆ, ತಪ್ಪಿ ಮತ್ತೆ ಎಣಿಸಿದೆ. ಮನೆಯವರನ್ನು ಪಾದದಿಂದಲೇ ಗುರುತು ಹಿಡಿಯುತ್ತಿದ್ದೆ. ಅತ್ತೆಯ ಪಾದಗಳು ಬಾಗಿಲಲ್ಲಿ ನಿಂತು, “ದೋಣಿ ಮಾಡಿ ಮಾಡಿ ಇಂಗಾಯ್ತು ನೋಡು,” ಅನ್ನುತ್ತಿದ್ದವು. ಡಾಕ್ಟರ್ ಅಲ್ಲ ಅಂದಿದ್ದಾರೆ ಅಂತ ಹೇಳಬಹುದಿತ್ತು. ನಾನು ಮತ್ತೆ ಚುಕ್ಕೆ ಎಣಿಸುತ್ತಿದ್ದೆ.

ನಾಲ್ಕನೇ ದಿನ ಮುನಿರಾಜು ನೆಲದ ಮೇಲೆ ಕೂತು ಸ್ಟ್ರಾನಲ್ಲಿ ಗಂಜಿ ಕುಡಿಸುತ್ತಿದ್ದಾಗ ಹೇಳಿಬಿಟ್ಟೆ.

“ರೀ, ಭಾನುವಾರ ಶುರುವಾಗಿದ್ದಲ್ಲ. ಗುರುವಾರ.”

ಲೋಟ ಕೆಳಗಿಟ್ಟರು. ಅವರ ಪಾದಗಳು ಹೊರಗೆ ಹೋದವು.

ಮೂರು ದಿನ ಮಾತಿಲ್ಲ. ಡ್ರಾಪ್ಸ್ ಮಾತ್ರ ಒಂದು ಹೊತ್ತೂ ತಪ್ಪಲಿಲ್ಲ. ಮಂಡಿಯಿಂದ ಮಧ್ಯದಲ್ಲಿ ಬಂದು, ಕೈ ತೊಳೆದು, ರೆಪ್ಪೆ ಬಿಡಿಸಿ, ಹನಿ ಹಾಕಿ, ಹೊರಟುಹೋಗುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಏಳನೇ ದಿನ ಬೆಳಿಗ್ಗೆ ನಾನು ಮಂಚದಂಚಿನಿಂದ ಮುಖ ಇಳಿಬಿಟ್ಟು ಮಲಗಿದ್ದೆ. ಅವರು ಬಂದು ನೆಲದ ಮೇಲೆ ಅಂಗಾತ ಮಲಗಿದರು. ಒಂದು ವಾರದ ಮೇಲೆ ಅವರ ಮುಖ ನೆಟ್ಟಗೆ ಕಂಡಿತು. ಗಡ್ಡ ಬೆಳೆದಿತ್ತು.

“ಮೊದಲೇ ಹೇಳಿದ್ರೆ ಪ್ರದರ್ಶನ ಬೇಡ ಅಂತಿದ್ನಾ ನಾನು?”

“ಅಂತಿದ್ರಿ.”

ಗಡ್ಡ ಕೆರೆದುಕೊಂಡರು. “ಹೂಂ, ಅಂತಿದ್ದೆ. ಎತ್ಕೊಂಡಾದ್ರೂ ಆಸ್ಪತ್ರೆಗೆ ಹೋಗ್ತಿದ್ದೆ.”

“ಅದಕ್ಕೇ ಹೇಳ್ಲಿಲ್ಲ.”

“ಇನ್ಮೇಲೆ ಬೇಡ ಅಂದ್ರೂ ಹೇಳು, ಸುಜಾತಾ. ಜಗಳ ಆಡೋಣ. ಆದ್ರೆ ಹೇಳು.”

ನನ್ನ ಕಣ್ಣಿನ ನೀರು ಅವರ ಕೆನ್ನೆಯ ಮೇಲೆ ಬಿತ್ತು. ಅವರು ಒರೆಸಿಕೊಳ್ಳಲಿಲ್ಲ.

ಮುಂದಿನ ಚೆಕಪ್‌ನಲ್ಲಿ ಡಾಕ್ಟರಿಗೂ ನಿಜ ಹೇಳಿದೆ. “ಶುಕ್ರವಾರವೇ ಬಂದಿದ್ದರೆ ದೃಷ್ಟಿ ಪೂರ್ತಿ ಉಳಿಯುತ್ತಿತ್ತಾ?”

“ಗ್ಯಾರಂಟಿ ಹೇಳಕ್ಕಾಗಲ್ಲ. ಬಹುಶಃ ಉಳೀತಿತ್ತು.”

ಈ ‘ಬಹುಶಃ’ದ ಜೊತೆ ಬದುಕುವುದು ಅಭ್ಯಾಸವಾಗಬೇಕು. ಕೆಲವು ದಿನ ಆಗುತ್ತದೆ. ಕೆಲವು ದಿನ ಅಡುಗೆಮನೆಯಲ್ಲಿ ನಿಂತಲ್ಲೇ, ಆ ಶುಕ್ರವಾರ ಆಟೋ ಹತ್ತಿ ಆಸ್ಪತ್ರೆಗೆ ಹೋದ ಹಾಗೆ ಮನಸ್ಸಿನಲ್ಲೇ ಹೋಗಿ ಬರುತ್ತೇನೆ.

ಗ್ಯಾಸ್ ಕರಗುತ್ತಾ ಬಂದಾಗ ಕಣ್ಣೊಳಗೆ ನೀರಿನ ಮಟ್ಟದಂಥ ಗೆರೆ ಓಲಾಡುತ್ತಿತ್ತು. ದಿನದಿನಕ್ಕೆ ಅದು ಇಳಿದು, ಮಾಯವಾಯಿತು. ಈಗ ಐದು ತಿಂಗಳು. ಬಲಗಣ್ಣಿಗೆ ಕ್ಯಾಲೆಂಡರಿನ ದೊಡ್ಡ ಅಂಕಿಗಳು ಕಾಣುತ್ತವೆ. ಆದರೆ ನೇರ ಗೆರೆಗಳೆಲ್ಲ ನಡುವೆ ಬಾಗಿವೆ. ಬಾಗಿಲ ಚೌಕಟ್ಟು, ಕರೆಂಟ್ ಕಂಬ, ಲ್ಯಾಬಿನ ಸ್ಕೇಲು. ಇದು ಇನ್ನೆಷ್ಟು ಸರಿಹೋಗುತ್ತದೋ ಹೇಳಲಾಗದು ಅಂದಿದ್ದಾರೆ. ಕತ್ತಲಾಗಬಹುದಾಗಿದ್ದ ಕಡೆ ಇಷ್ಟು ಬೆಳಕಿದೆ. ಸಾಕು ಅನ್ನಲಾರೆ. ಸಾಲದು ಅಂತಲೂ ಅನ್ನಲಾರೆ.

ಹೋದ ತಿಂಗಳು ಇನ್ನೊಂದು ಹಡಗು ಶುರು ಮಾಡಿದೆ. ಸ್ವಲ್ಪ ದೊಡ್ಡ ಅಳತೆಯದು. ಎರಡೂ ಕಣ್ಣು ತೆರೆದರೆ ಕಂಬ ಬಾಗಿದಂತೆ ಕಾಣುತ್ತದೆ, ಬಲಗಣ್ಣು ಮುಚ್ಚಿದರೆ ದೂರ ಹತ್ತಿರ ತಿಳಿಯುವುದಿಲ್ಲ, ಅದಕ್ಕೆ ಭಾನುವಾರ ಮುನಿರಾಜು ಎದುರಿಗೆ ಕೂರುತ್ತಾರೆ. ಅವರಿಗೆ ತಾಳ್ಮೆ ಇಲ್ಲ. “ಎಡಕ್ಕೆ. ಅಯ್ಯೋ, ಅಷ್ಟಲ್ಲ ಕಣೆ,” ಅನ್ನುವಷ್ಟರಲ್ಲಿ ಮಂಡಿಯಿಂದ ಫೋನ್ ಬರುತ್ತದೆ, ಎದ್ದು ಹೋಗುತ್ತಾರೆ. ನಾನು ಕಂಬವನ್ನು ಹಿಡಿದುಕೊಂಡೇ ಕಾಯುತ್ತೇನೆ. ಅಷ್ಟರಲ್ಲಿ ಅಂಟು ಒಣಗಿಬಿಡುತ್ತದೆ. ವಾಪಸ್ ಬಂದು ನೋಡಿ, ವಾಲಿದೆ ಅನ್ನುತ್ತಾರೆ. ಕಿತ್ತು, ಮತ್ತೆ ಹಚ್ಚುತ್ತೇವೆ.