ಆಂಟೆನಾ ಹಿಡಿದ ಅಳಿಯ

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೆ ಉಳುಮೆ, ಪಂಪ್‌ಸೆಟ್ಟು, ಹಿಪ್ಪುನೇರಳೆ ತೋಟ, ಯಾವ ಕೆಲಸಕ್ಕೂ ಇನ್ನೊಬ್ಬರ ಕೈ ನೋಡಿದವನಲ್ಲ. ಅದನ್ನು ನೋಡಿಯೇ ನನ್ನ ಮಾವ ಮುರುಗಮಲ್ಲದ ಹತ್ತಿರ ಇರೋ ನಮ್ಮೂರಿಗೆ ಬಂದು ಹೆಣ್ಣು ಕೊಡ್ತೀನಿ ಅಂದದ್ದು. ಅವರಿಗೆ ಗಂಡುಮಕ್ಕಳಿಲ್ಲ, ಇಬ್ಬರು ಹೆಣ್ಣುಮಕ್ಕಳು ಮಾತ್ರ. ಅಂಥ ಮನೆಯವರು ದೊಡ್ಡಳಿಯನನ್ನು ಮನೆಗೇ ಕರಕೊಂಡು ಮಗನ ಜಾಗದಲ್ಲಿ ಇಟ್ಟುಕೊಳ್ಳುವುದು ನಮ್ಮ ಕಡೆ ಉಂಟು. ತೆಲುಗು ಬೆರೆತ ನಮ್ಮ ಮಾತಿನಲ್ಲಿ ಅದಕ್ಕೆ ಇಲ್ಲರಿಕಂ ಅಂತಾರೆ.

"ನಾನು ಅಳಿಯನ್ನ ಕರ್ಕೊಂಡು ಹೋಗ್ತಿಲ್ಲ, ಮಗನ್ನ ಕರ್ಕೊಂಡು ಹೋಗ್ತಿದೀನಿ" ಅಂತ ಮಾವ ನಮ್ಮಪ್ಪನ ಕೈ ಹಿಡಿದು ಹೇಳಿದರು. ಆ ಮಾತು ನಂಬಿ ನಮ್ಮ ಜಮೀನನ್ನೆಲ್ಲ ತಮ್ಮನಿಗೆ ಬಿಟ್ಟು ಬಂದೆ.

ಮಾವನ ಊರು ಅಂಬಾಜಿದುರ್ಗದ ಬೆಟ್ಟದ ಮರೆಯಲ್ಲಿತ್ತು. ಅಲ್ಲಿಗೆ ಇನ್ನೂ ಕೇಬಲ್ ಬಂದಿರಲಿಲ್ಲ. ಟಿವಿ ತಂದ ಮೇಲೆ ಹಳೇ ಬೋರ್‌ವೆಲ್ ಪೈಪೊಂದನ್ನು ತಾರಸಿ ಮೇಲೆ ನಿಲ್ಲಿಸಿ, ಅದರ ತುದಿಗೆ ಮೀನಿನ ಮುಳ್ಳಿನ ಹಾಗಿರೋ ಆಂಟೆನಾ ಕಟ್ಟಿದವನು ನಾನೇ. ಬೆಂಗಳೂರಿನದು ಬೇಕಾದರೆ ಅದನ್ನು ಬೆಟ್ಟದ ಕಡೆ ತಿರುಗಿಸಬೇಕು, ಆಂಧ್ರದ್ದು ಬೇಕಾದರೆ ಮೂಡಲ ಕಡೆ. ಅತ್ತೆಗೆ ತೆಲುಗು ಸಿನಿಮಾ ಬೇಕು, ಮಾವನಿಗೆ ಕನ್ನಡ ವಾರ್ತೆ. ಇಬ್ಬರಿಗೂ ಏಣಿ ಹತ್ತುವವನು ನಾನು. "ಬಂತು, ಬಂತು! ಅಯ್ಯೋ ಹೋಯ್ತಲ್ಲೋ! ಇನ್ನೊಂಚೂರು ತಿರುಗ್ಸಪ್ಪಾ!" ಅಂತ ಕೆಳಗಿನಿಂದ ಕೂಗು. ಮೇಲಿದ್ದವನಿಗೆ ಏನು ಕಾಣುತ್ತೆ, ಪೈಪಿನ ತುಕ್ಕು. ಆದರೂ ಬೇಸರ ಇರಲಿಲ್ಲ. ಮನೆ ನಂದು, ಕೆಲಸಾನೂ ನಂದು ಅಂದುಕೊಂಡಿದ್ದೆ.

ಒಂದು ವರ್ಷ ಯುಗಾದಿಯ ಮಾರನೇ ದಿನ, ಹೊಸ ತೊಡಕಿಗೆ, ನನ್ನ ನಾದಿನಿ ಗಂಡನ ಜೊತೆ ಬಂದಳು. ಅವನಿಗೆ ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ನೌಕರಿ. ಒಳ್ಳೆ ಹುಡುಗನೇ, ನನ್ನನ್ನು ಬಾಯಿತುಂಬ ಅಣ್ಣ ಅಂತಿದ್ದ. ಹೊಸ ತೊಡಕಿನ ದಿನ ಅಳಿಯಂದಿರಿಗೆ ಮಾವನ ಪಕ್ಕದಲ್ಲೇ ಎಲೆ ಹಾಕಿ, ಅವರಿಗೆ ಮೊದಲು ಬಡಿಸುವುದು ಆ ಮನೆಯ ಪದ್ಧತಿ. ಬೆಳಕು ಹರಿಯೋ ಮುಂಚೆ ಎದ್ದು, ಊರವರೆಲ್ಲ ಸೇರಿ ಕುರಿ ಕೊಯ್ದು ಗುಡ್ಡೆ ಹಾಕಿದ ಬಾಡಿನಲ್ಲಿ ನಮ್ಮ ಪಾಲನ್ನು ತಂದುಕೊಟ್ಟವನೂ ನಾನೇ.

ಮಧ್ಯಾಹ್ನ ಕ್ರಿಕೆಟ್ ಇತ್ತು. ಟಿವಿ ತುಂಬ ಬರೀ ಚುಕ್ಕಿ. ತಾರಸಿ ಹತ್ತಿದೆ. ಎತ್ತ ತಿರುಗಿಸಿದರೂ ಚಿತ್ರ ನಿಲ್ಲಲಿಲ್ಲ. ವಿಚಿತ್ರ ಅಂದರೆ, ನಾನು ಪೈಪನ್ನು ಗಟ್ಟಿಯಾಗಿ ಹಿಡಿದು ನಿಂತರೆ ಚಿತ್ರ ಬರುತ್ತಿತ್ತು, ಕೈ ಬಿಟ್ಟರೆ ಹೋಗುತ್ತಿತ್ತು.

"ಅಣ್ಣಾ, ಕೈ ತೆಗೀಬೇಡಿ! ಕನ್ನಡಿ ಇದ್ದಂಗಿದೆ!" ಅಂತ ಷಡ್ಡಕ ಕೆಳಗಿನಿಂದ ಕೂಗಿದ.

"ಹಂಗೇ ಹಿಡ್ಕೊಂಡಿರಯ್ಯ, ಈ ಓವರ್ ಮುಗೀಲಿ" ಅಂದರು ಮಾವ.

ಓವರ್ ಮುಗಿದು ಇನ್ನೊಂದು ಶುರುವಾಯಿತು. ಚಪ್ಪಲಿ ಏಣಿ ಹತ್ತಿರ ಬಿಟ್ಟು ಬಂದಿದ್ದೆ. ಯುಗಾದಿ ಬಿಸಿಲಿಗೆ ತಾರಸಿ ಕಾದಿತ್ತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ ನಿಂತೆ. ಕೆಳಗೆ ಚಪ್ಪಾಳೆ, ನಗು. ಆಮೇಲೆ ಬಾಡಿನ ಸಾರಿನ ವಾಸನೆ ಮೇಲಕ್ಕೆ ಬಂತು, ಅದರ ಹಿಂದೆ ಚೊಂಬು ಲೋಟದ ಸದ್ದು. ಈಗ ಕರೀತಾರೆ ಅಂತ ಕಾದೆ.

ಎದುರುಮನೆ ಮುದುಕರು ನಮ್ಮ ಬಾಗಿಲಿಗೆ ಬಂದದ್ದು ಮೇಲಿಂದ ಕಂಡಿತು. ಒಳಗೆ ಇಣುಕಿ, "ಏನಪ್ಪಾ, ಆಗ್ಲೇ ಮುದ್ದೆ ಮುರೀತಿದ್ದೀರಾ! ದೊಡ್ಡಳಿಯ ಎಲ್ಲಿ, ಕಾಣ್ಸಲ್ಲ?" ಅಂದರು.

ಮಾವನ ಬಾಯಲ್ಲಿ ತುತ್ತಿತ್ತೇನೋ. ನುಂಗಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಅವನೇನು ನೆಂಟನಾ? ಹೆಂಗಸ್ರ ಜೊತೆ ಆಮೇಲೆ ಉಣ್ತಾನೆ ಬಿಡು."

ಕೈ ಬಿಟ್ಟೆ.

ಕೆಳಗೆ ಗಲಾಟೆ ಎದ್ದಿತು. "ಅಣ್ಣಾ, ಹೋಯ್ತು! ಅಣ್ಣಾ!" ಏಣಿ ಇಳಿದು ಕೈಕಾಲು ತೊಳೆದುಕೊಂಡು ನಡುಮನೆಗೆ ಬಂದೆ. ಮಾವ, ಷಡ್ಡಕ ಇಬ್ಬರೂ ಎಲೆಯ ಮುಂದೆ ಕೂತಿದ್ದರು. ಮೂರನೇ ಎಲೆ ಹಾಕೋಕೆ ಅಲ್ಲಿ ಜಾಗಾನೇ ಬಿಟ್ಟಿರಲಿಲ್ಲ.

"ನನಗೂ ಇಲ್ಲೇ ಎಲೆ ಹಾಕು" ಅಂದೆ ಹೆಂಡತಿಗೆ.

"ಉಣ್ಣೋದು ಇದ್ದೇ ಇದೆಯಲ್ಲಯ್ಯ, ಎಲ್ಲಿ ಓಡೋಗ್ತದೆ? ಇನ್ನೆರಡು ಓವರ್ ಹಿಡ್ಕೊಂಡು ಬಾ" ಅಂದರು ಮಾವ. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಸಂಕೋಚವೂ ಇರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಷಡ್ಡಕ ತಲೆ ತಗ್ಗಿಸಿ ಮೂಳೆ ಚೀಪುತ್ತಿದ್ದ. ನನ್ನ ಹೆಂಡತಿ ಎಲೆ ಕೈಯಲ್ಲಿ ಹಿಡಿದು ಅಡುಗೆಮನೆ ಬಾಗಿಲಲ್ಲೇ ನಿಂತಳು. ಅಪ್ಪನ ಮುಖ ನೋಡಿದಳು. ನಾನು ಬೆಳೆದ ರಾಗಿ, ನಾನು ತಂದ ಬಾಡು, ನಾನು ಕಟ್ಟಿಕೊಂಡವಳು. ಎಲೆ ಹಾಕೋಕೆ ಅಪ್ಪಣೆ ಮಾತ್ರ ಅವರದ್ದು.

"ಒಳಗೇ ಬನ್ರೀ, ಬಿಸಿಬಿಸಿ ಬಡಿಸ್ತೀನಿ" ಅಂದಳು ಮೆಲ್ಲಗೆ.

ಅವತ್ತು ಆ ಮನೆಯಲ್ಲಿ ನಾನು ಉಣ್ಣಲಿಲ್ಲ. ರೇಷ್ಮೆ ಬೆಳೆ ಕೈಗೆ ಬರೋವರೆಗೆ ಬಾಯಿ ಮುಚ್ಚಿಕೊಂಡು ದುಡಿದೆ. ಅರ್ಧಕ್ಕೆ ಬಿಟ್ಟು ಹೋದ ಅನ್ನಿಸಿಕೊಳ್ಳೋದು ನನ್ನ ಜಾಯಮಾನ ಅಲ್ಲ. ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿ ಬಂದ ವಾರದಲ್ಲೇ ಮುರುಗಮಲ್ಲದ ಕಡೆ ಒಬ್ಬರ ತೋಟ ಗುತ್ತಿಗೆಗೆ ಹಿಡಿದು, ಹೆಂಡತಿ ಮಕ್ಕಳನ್ನು ಕರಕೊಂಡು ಹೊರಟೆ. ಹೆಂಡತಿ ಬಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿ ಕಡೆಗೇ ತಿರುಗಿದ್ದಳು. "ಊಟ ತಡವಾಯ್ತು ಅಂತ ಇವರಿಗೆ ಕೋಪ ಬಂತು" ಅಂತಲೇ ಅವಳು ಇವತ್ತಿಗೂ ನೆಂಟರಿಗೆ ಹೇಳೋದು.

ಮೂರು ನಾಲ್ಕು ವರ್ಷ ಆದ ಮೇಲೆ, ಯುಗಾದಿ ಹತ್ತಿರ ಬಂದಾಗ, ಮಾವ ನಮ್ಮನ್ನು ಹುಡುಕಿಕೊಂಡು ತೋಟಕ್ಕೆ ಬಂದರು. ಚಾಪೆ ಹಾಕಿದೆ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಬಹಳ ದಿನದಿಂದ ಯೋಚನೆ ಮಾಡಿದ್ದನ್ನು ಹೇಳೋ ಹಾಗೆ ನನ್ನ ಮೊಣಕಾಲ ಮೇಲೆ ಕೈ ಇಟ್ಟರು.

"ಹಬ್ಬಕ್ಕೆ ಬಾರಯ್ಯ. ಮನೆಗೆ ಡಿಶ್ ಹಾಕ್ಸಿದೀನಿ. ಇನ್ಮೇಲೆ ಯಾರೂ ಮೇಲೆ ಹತ್ತೋ ಹಂಗಿಲ್ಲ."

ಅವರ ಮುಖ ನೋಡಿದೆ. ನನ್ನ ಕೋಪ ಏಣಿ ಹತ್ತಿಸಿದ್ದಕ್ಕಷ್ಟೇ ಅಂತ ನಿಜವಾಗಿಯೂ ಅಂದುಕೊಂಡಿದ್ದರು. ಬಿಡಿಸಿ ಹೇಳೋಣ ಅಂತ ಬಾಯಿವರೆಗೂ ಬಂತು. ಅವರ ಮಗಳು ಬಾಗಿಲಲ್ಲಿ ನಿಂತು ನಾನು ಏನು ಹೇಳ್ತೀನೋ ಅಂತ ಕಾಯುತ್ತಿದ್ದಳು.

"ಕರೆಂಟು ಬರೋ ಹೊತ್ತು, ನೀರು ಕಟ್ಬೇಕು" ಅಂದು ಸನಿಕೆ ಎತ್ತಿಕೊಂಡು ತೋಟದ ಕಡೆ ಹೋದೆ.